ಕಾಡನ್ನು ಬಿತ್ತುವ ಕೊಕ್ಕು

ಹಿತ್ತಲ ಗೋಡೆಯ ಬಿರುಕಿನಲ್ಲಿ ಒಂದು ದಿನ ಅರಳಿಯ ಸಸಿಯೊಂದು ಎರಡೆಲೆ ಬಿಟ್ಟುಕೊಂಡು ನಿಂತಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ನೆಟ್ಟವರಿಲ್ಲ, ನೀರೆರೆದವರಿಲ್ಲ. ಗೋಡೆಯ ಗತಿಯನ್ನು ನೆನೆದು ಮನೆಯ ಯಜಮಾನರು ಅದನ್ನು ಕೀಳಹೋದರೆ, ಅರಳಿಯನ್ನು ಕೀಳಬಾರದೆಂದು ಅಜ್ಜಿ ತಡೆಯುತ್ತಾರೆ. ಈ ವ್ಯಾಜ್ಯವನ್ನು ತಂದಿಟ್ಟದ್ದು ಕಾಗೆಯೋ ಗೊರವಂಕವೋ ಪಿಕಳಾರವೋ ಆಗಿರುತ್ತದೆ. ಹಣ್ಣನ್ನು ಎಲ್ಲಿಯೋ ತಿಂದು, ಬೀಜವನ್ನು ಇಲ್ಲಿ ಹಿಕ್ಕೆಯೊಡನೆ ಬಿಟ್ಟು ಹೋಗಿರುತ್ತದೆ.

ಮನೆಯ ಗೋಡೆಯಲ್ಲಿ ಉಪದ್ರವವೆನಿಸುವ ಈ ಕೆಲಸವೇ ಕಾಡಿನಲ್ಲಿ ಜೀವಾಧಾರ. ಉಷ್ಣವಲಯದ ಅನೇಕ ಮಳೆಕಾಡುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜಾತಿಯ ಮರಗಳು ಬೀಜಪ್ರಸಾರಕ್ಕೆ ಹಕ್ಕಿಗಳನ್ನೋ ಮೃಗಗಳನ್ನೋ ನಂಬಿವೆ. ತಾಯಿಮರದ ಬುಡದಲ್ಲಿಯೇ ಉದುರಿದ ಬೀಜದ ಪಾಡು ಚೆನ್ನಾಗಿರುವುದಿಲ್ಲ. ಅಲ್ಲಿ ನೆರಳು ದಟ್ಟ. ಆ ಜಾತಿಯನ್ನೇ ಹುಡುಕಿಕೊಂಡು ಬರುವ ಹುಳು, ಇಲಿ, ಶಿಲೀಂಧ್ರಗಳೂ ಅಲ್ಲಿಯೇ ನೆರೆದಿರುತ್ತವೆ. ಜಾನ್ಜನ್ ಮತ್ತು ಕಾನೆಲ್ ಎಂಬ ವಿಜ್ಞಾನಿಗಳು 1970 ಮತ್ತು 1971ರಲ್ಲಿ ಬೇರೆಬೇರೆಯಾಗಿ ಈ ವಿಚಾರವನ್ನು ಮುಂದಿಟ್ಟರು. ಮಕ್ಕಳನ್ನು ದೂರದ ಊರಿಗೆ ಕಳುಹಿಸಿದ ಮರಕ್ಕೇ ವಂಶ ಬೆಳೆಯುವ ಭಾಗ್ಯ.

ಹಾಗೆಂದು ಹಣ್ಣು ತಿನ್ನುವ ಹಕ್ಕಿಗಳೆಲ್ಲ ಬಿತ್ತುವ ಹಕ್ಕಿಗಳಲ್ಲ. ಕವಿಗಳ ಮುದ್ದಿನ ಗಿಳಿ ಬೀಜವನ್ನೇ ಒಡೆದು ತಿನ್ನುತ್ತದೆ. ಹಸಿರು ಪಾರಿವಾಳ ಆಲದ ಹಣ್ಣಿನ ಸಣ್ಣ ಬೀಜಗಳನ್ನೂ ಜಠರದಲ್ಲಿ ಅರೆದುಬಿಡುತ್ತದೆ. ಪಿಕಳಾರ, ಕುಟ್ರುಹಕ್ಕಿಗಳು ಪ್ರಾಮಾಣಿಕ ಕೂಲಿಗಳೇ ಸರಿ. ಆದರೆ ಅವುಗಳ ಬಾಯಿ ಚಿಕ್ಕದು. ಹೆಬ್ಬೆರಳಿಗಿಂತ ದಪ್ಪನಾದ ಬೀಜವನ್ನು ಇಡಿಯಾಗಿ ನುಂಗಿ ಒಯ್ಯಬಲ್ಲ ಹಕ್ಕಿಗಳು ನಮ್ಮ ಪಶ್ಚಿಮಘಟ್ಟದಲ್ಲಿ ಬಲು ಕಡಿಮೆ. ಅವುಗಳಲ್ಲಿ ಅಗ್ರಗಣ್ಯವಾದುದು ಮಂಗಟ್ಟೆ.

ಕರ್ನಾಟಕದಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ದಾಂಡೇಲಿಯ ಸುತ್ತಿನ ಕಾಡಿನಲ್ಲಿ ನಾಲ್ಕನ್ನೂ ಕಾಣಬಹುದು. ದೊಡ್ಡ ಮಂಗಟ್ಟೆ ಕೊಕ್ಕಿನಿಂದ ಬಾಲದವರೆಗೆ ಸುಮಾರು ಒಂದು ಮೀಟರು ಉದ್ದ. ಹಳದಿ ಕೊಕ್ಕಿನ ಮೇಲೆ ಕಿರೀಟದಂತೆ ಮತ್ತೊಂದು ಉಬ್ಬು. ಅದು ಹಾರುವಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿಯ ಏದುಸಿರಿನಂತೆ ಬಹು ದೂರದಿಂದಲೇ ಕೇಳಿಸುತ್ತದೆ.

ಅದರ ಸಂಸಾರವೊಂದು ಸೋಜಿಗ. ಗೂಡಿಗೆ ಮುದಿಮರದ ಪೊಟರೆಯೇ ಆಗಬೇಕು. ಮರವನ್ನು ಕೊರೆಯಲು ಮಂಗಟ್ಟೆಗೆ ಬಾರದು. ಚಳಿಗಾಲದ ಕೊನೆಯಲ್ಲಿ ಹೆಣ್ಣು ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆ ಮೊದಲಾದವುಗಳಿಂದಲೇ ಬಾಗಿಲನ್ನು ಮೆತ್ತಿ ಮುಚ್ಚಿ, ಕೊಕ್ಕಿನಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೇ ಹಳೆಯ ಗರಿಗಳನ್ನು ಉದುರಿಸಿ ಹೊಸ ಗರಿ ತೊಡುತ್ತದೆ. ಮೂರು ತಿಂಗಳಿಗೂ ಮೀರಿದ ಈ ಸೆರೆವಾಸದಲ್ಲಿ ತಾಯಿಗೂ, ಮೊಟ್ಟೆಯೊಡೆದ ಮೇಲೆ ಮರಿಗೂ ಅನ್ನದಾತನೆಂದರೆ ಗಂಡು. ಗಂಟಲಲ್ಲಿ ಹಣ್ಣು ತುಂಬಿಕೊಂಡು ಬಂದು, ಒಂದೊಂದನ್ನೇ ಕೊಕ್ಕಿನ ತುದಿಗೆ ತಂದು ಸೀಳಿನಲ್ಲಿ ನೀಡುತ್ತದೆ. ಆ ಗಂಡು ಬೇಟೆಗಾರನ ಗುಂಡಿಗೆ ಬಿದ್ದರೆ ಒಳಗಿನ ಸಂಸಾರಕ್ಕೂ ಅನ್ನ ತಪ್ಪಿತು.

ಈ ಹಕ್ಕಿಯ ಮೆಚ್ಚಿನ ಹಣ್ಣುಗಳಲ್ಲಿ ರಾಮಪತ್ರೆಯೂ ಒಂದು. ಇದು ಜಾಯಿಕಾಯಿಯ ಕಾಡುದಾಯಾದಿ. ಪಲಾವಿನ ಮಸಾಲೆಯಲ್ಲಿ ಜಾಪತ್ರೆಯ ಬದಲಿಗೆ ಇದನ್ನು ಹಾಕುವ ಗೃಹಿಣಿಯರುಂಟು. ಕಾಯಿ ಬಲಿತು ಬಿರಿದಾಗ ಒಳಗಿನ ಬೀಜವನ್ನು ಕೆಂಪು ಪತ್ರೆ ಬಲೆಯಂತೆ ತಬ್ಬಿರುತ್ತದೆ. ಮಂಗಟ್ಟೆ ಅದನ್ನು ಇಡಿಯಾಗಿ ನುಂಗುತ್ತದೆ. ಕೊಬ್ಬಿನಿಂದ ಕೂಡಿದ ಪತ್ರೆ ಹೊಟ್ಟೆಯಲ್ಲಿ ಕರಗುತ್ತದೆ. ಬೀಜ ಮಾತ್ರ ಗಾಯವಿಲ್ಲದೆ ಬಾಯಿಯಿಂದಲೇ ಹೊರಬೀಳುತ್ತದೆ. ಅಷ್ಟರೊಳಗೆ ಹಕ್ಕಿ ಎಷ್ಟೋ ದೂರ ಹಾರಿರುತ್ತದೆ. ಅತ್ತಿ, ಆಲಗಳ ಸಣ್ಣ ಬೀಜಗಳು ಹಿಕ್ಕೆಯ ದಾರಿ ಹಿಡಿಯುತ್ತವೆ. ಗೂಡಿನ ಮರದ ಬುಡದಲ್ಲಿ ಬೀಜಗಳು ರಾಶಿಯಾಗಿ ಬಿದ್ದು, ಸಸಿಗಳು ನೂಕುನುಗ್ಗಲಿನಲ್ಲಿ ಸಾಯುವುದೂ ಉಂಟು. ಮಂಗಟ್ಟೆ ಲೆಕ್ಕವಿಟ್ಟು ಬಿತ್ತುವ ಒಕ್ಕಲಿಗನೇನೂ ಅಲ್ಲ.

ಹಿಂದಿನ ಅರಣ್ಯಶಾಸ್ತ್ರದ ಕಣ್ಣಿಗೆ ಟೊಳ್ಳು ಮರ ನಿರುಪಯುಕ್ತ. ನಾಟಾ ಬಾರದ ಮುದಿಮರವನ್ನು ಕಡಿಯುವುದೇ ಜಾಣತನವೆನಿಸಿತ್ತು. ಹಾಗೆ ಕಡಿದಾಗ ಹೋದದ್ದು ಬಾಣಂತಿಯ ಕೋಣೆ. ಮಂಗಟ್ಟೆ ಇಲ್ಲವಾದ ಕಾಡು ಒಮ್ಮೆಗೇ ಬೋಳಾಗುವುದಿಲ್ಲ. ನಿಂತಿರುವ ದೊಡ್ಡ ಮರಗಳು ಹಲವು ದಶಕ ಹಸುರಾಗಿಯೇ ಇರುತ್ತವೆ, ಹಣ್ಣನ್ನೂ ಬಿಡುತ್ತವೆ. ಹಣ್ಣು ಬುಡದಲ್ಲಿಯೇ ಕೊಳೆಯುತ್ತದೆ. ನೋಡಿದವರಿಗೆ ಕಾಡು ಸುಭಿಕ್ಷವಾಗಿದೆಯೆಂದೇ ಭ್ರಮೆ.

ಸರಕಾರ 2011ರಲ್ಲಿ ದಾಂಡೇಲಿಯ ಕಾಳೀ ತೀರದ ಕಾಡಿನ ಒಂದು ಭಾಗವನ್ನು ಮಂಗಟ್ಟೆಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ದೂರದ ಅರುಣಾಚಲದಲ್ಲಿ ಕೊಕ್ಕನ್ನು ಶಿರೋಭೂಷಣವಾಗಿ ಧರಿಸುವ ನ್ಯಿಶಿ ಜನರಲ್ಲಿ ಅನೇಕರು ಈಗ ಫೈಬರ್‌ಗ್ಲಾಸಿನ ಕೊಕ್ಕಿಗೆ ಒಪ್ಪಿದ್ದಾರೆ. ಪಾಕ್ಕೆಯ ಕಾಡಿನಂಚಿನಲ್ಲಿ ಅವರೇ ಗೂಡುಗಳನ್ನು ಕಾಯುತ್ತಾರೆ. ಇವು ಸಣ್ಣ ಕೆಲಸಗಳಲ್ಲ. ನಮ್ಮ ಉತ್ತರ ಕನ್ನಡದಲ್ಲಿ ರಾಮಪತ್ರೆಯ ತೊಡಕೊಂದು ಉಳಿದಿದೆ. ಕಾಯಿ ಬಿರಿಯುವ ಮೊದಲೇ ಕೊಯ್ದರೆ, ಕೆಲವೆಡೆ ಕೊಂಬೆಯನ್ನೇ ಕಡಿದರೆ, ಹಕ್ಕಿಗೆ ಹಣ್ಣಿಲ್ಲ, ನೆಲಕ್ಕೆ ಬೀಜವಿಲ್ಲ. ಬಿರಿಯುವವರೆಗೆ ಕಾದರೆ ಪತ್ರೆಯೂ ಬಲಿತಿರುತ್ತದೆಂಬುದು ಕೊಯ್ಯುವವರಿಗೆ ತಿಳಿಯದ ಸಂಗತಿಯಲ್ಲ. ಆದರೆ ಕಾಡಿನ ಮರ ಯಾರೊಬ್ಬರ ಹಿತ್ತಲಿನದೂ ಅಲ್ಲವಲ್ಲ. ತಾನು ಇಂದು ಬಿಟ್ಟುದನ್ನು ನಾಳೆ ಮತ್ತೊಬ್ಬ ಕೊಯ್ದಾನೆಂಬ ಅಂಜಿಕೆ ಪ್ರತಿಯೊಬ್ಬನಿಗೂ ಇದೆ.