ದಾರಿ ನಡೆವ ಸಂಸಾರ

ವಿದ್ಯಾಲಯದ ಅಂಗಳದಲ್ಲಿ ನಿಲ್ಲುವ ಪ್ರತಿಮೆ ಸಾಮಾನ್ಯವಾಗಿ ಸ್ಥಾಪಕರದೋ ದಾನಿಗಳದೋ ಆಗಿರುತ್ತದೆ. ಎತ್ತರದ ಪೀಠ, ಅದರ ಮೇಲೊಂದು ಹೆಸರಿನ ಫಲಕ. ಅಂಥದನ್ನೇ ನಿರೀಕ್ಷಿಸಿ ಪಶ್ಚಿಮ ಬಂಗಾಳದ ಶಾಂತಿನಿಕೇತನದ ಕಲಾಭವನಕ್ಕೆ ಬಂದ ಪ್ರವಾಸಿಗೆ ಇದಿರಾಗುವುದು ಒಂದು ಬಡ ಸಂತಾಲ ಸಂಸಾರ. ಗಂಡನ ಹೆಗಲ ಮೇಲೆ ಕಾವಡಿ, ಅದರ ಬುಟ್ಟಿಯಲ್ಲಿ ಕೂಸು, ಪಕ್ಕದಲ್ಲಿ ಹೆಂಡತಿ, ಜೊತೆಗೊಂದು ನಾಯಿ. ಇದ್ದಬದ್ದುದನ್ನೆಲ್ಲ ಹೊತ್ತು ಅವರು ಹೊಸ ನೆಲೆಯನ್ನರಸಿ ಹೊರಟಿದ್ದಾರೆ.

1938ರಲ್ಲಿ ಇದನ್ನು ರಚಿಸಿದವರು ಅಲ್ಲಿಯೇ ಕಲಿತು ಅಲ್ಲಿಯೇ ಕಲಿಸಿದ ರಾಮಕಿಂಕರ ಬೈಜ್ (1906–1980). ಅಮೃತಶಿಲೆ, ಕಂಚುಗಳ ಗೊಡವೆಗೆ ಹೋಗದೆ, ಸಿಮೆಂಟಿನೊಡನೆ ಆ ಕೆಮ್ಮಣ್ಣಿನ ಸೀಮೆಯ ಜಂಬಿಟ್ಟಿಗೆಯ ಹರಳುಗಳನ್ನೇ ಬೆರೆಸಿ ಮೂರ್ತಿಗಳನ್ನು ಕಟ್ಟಿದರು. ಅವುಗಳ ಮೈ ಒರಟೇ ಸರಿ. ಆದರೆ ಬಿಸಿಲು ಮಳೆಗಳಲ್ಲಿ ದುಡಿಯುವವರ ಮೈ ನುಣುಪಾಗಿರುವುದುಂಟೆ? ಭಾರತದ ಆಧುನಿಕ ಶಿಲ್ಪದಲ್ಲಿ ಸಾರ್ವಜನಿಕ ಕೃತಿಗಳಿಗೆ ಇದೇ ಮೊದಲೆಂದು ಹಲವು ಕಲಾವಿಮರ್ಶಕರು ಮನ್ನಿಸಿದ್ದಾರೆ.

ಮೂರ್ತಿಗಳು ಆಳೆತ್ತರವನ್ನು ಮೀರಿದ್ದರೂ ಪೀಠ ಮಾತ್ರ ತಗ್ಗಾದುದು. ಆದುದರಿಂದಲೇ ಅವರು ನೋಡುವವನ ಹಾದಿಯಲ್ಲಿಯೇ ನಡೆದುಬರುತ್ತಿರುವಂತೆ ಭಾಸವಾಗುತ್ತದೆ. ಹೊರೆ ಹೊತ್ತ ಕೂಲಿಯವರು ಬದಿಗೆ ಸರಿದು ತನಗೆ ದಾರಿ ಬಿಡುವುದನ್ನೇ ಕಂಡು ರೂಢಿಯಾದ ಪಟ್ಟಣಿಗನು, ಇಲ್ಲಿ ತನಗರಿವಿಲ್ಲದಂತೆಯೇ ಒಂದು ಹೆಜ್ಜೆ ಹಿಂದೆ ಸರಿದು ಅವರಿಗೆ ದಾರಿ ಬಿಡುತ್ತಾನೆ.