ಆಟಿಸಂ ಇರುವ ಮಕ್ಕಳೂ ಕೂಡಿ ಆಡುವ ಆಟ

ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿ ಆಟಿಸಂ ಅನ್ನೂ ಒಳಗೊಂಡ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು, ತನ್ನ 16ನೆಯ ಸೆಕ್ಷನ್ನಿನಲ್ಲಿ ಎಲ್ಲರೊಡನೆ ಕಲಿಯುವ ಹಕ್ಕಿನ ಜೊತೆಗೇ ಕ್ರೀಡೆ ಮತ್ತು ಮನರಂಜನೆಯ ಸಮಾನ ಅವಕಾಶವನ್ನೂ ಹೇಳುತ್ತದೆ. ಆಟಿಸಂ ಎಂದರೆ ಇತರರೊಡನೆ ಒಡನಾಡುವ ಬಗೆಯೂ ಸದ್ದು, ಬೆಳಕು, ಸ್ಪರ್ಶಗಳು ಮನಸ್ಸಿಗೆ ತಾಕುವ ಬಗೆಯೂ ಎಳವೆಯಿಂದಲೇ ಭಿನ್ನವಾಗಿರುವ ಸ್ಥಿತಿ. ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೆಬ್ಬೂರಿನಂಥ ಊರುಗಳಲ್ಲಿ ಈ ಮಕ್ಕಳ ಪಾಠಕ್ಕೆ ತೋರುವ ಕಾಳಜಿಯನ್ನು ಆಟದ ಪೀರಿಯಡ್ಡಿಗೂ ತೋರಬೇಕಾಗಿದೆ.

ಖೊಖೊದಲ್ಲಿ ಕುಳಿತವರ ಬೆನ್ನನ್ನು ಹಿಂದಿನಿಂದ ತಟ್ಟಿ ಕೂಗುವುದೇ ನಿಯಮವಾಗಿರುವುದರಿಂದ, ಹಠಾತ್ ಸ್ಪರ್ಶವನ್ನೂ ಕೂಗನ್ನೂ ತಾಳಲಾರದ ಮಗು ಎದ್ದು ಹೋದರೆ ಅದಕ್ಕೆ ಆಟವೇ ಬೇಡವೆಂದು ತೀರ್ಮಾನಿಸುವುದು ಅನ್ಯಾಯ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದಂತೆ, ಆ ಮಗುವಿಗೆ ಇತರರು ಅರ್ಥವಾಗದಿರುವಷ್ಟೇ ಇತರರಿಗೂ ಆ ಮಗು ಅರ್ಥವಾಗಿರುವುದಿಲ್ಲ. ಆದ್ದರಿಂದ ತಿದ್ದುಪಡಿ ಆಟದ ನಿಯಮಗಳಿಂದಲೇ ಆರಂಭವಾಗುವುದು ನ್ಯಾಯ.

ಇದಕ್ಕೆ ದುಬಾರಿ ಸಲಕರಣೆಗಳೇನೂ ಬೇಕಿಲ್ಲ. ಚೌಕಾಬಾರದಲ್ಲಿ ಮನೆಗಳು ನೆಲದ ಮೇಲೆ ಬರೆದೇ ಇರುತ್ತವೆ, ಕವಡೆ ಯಾರ ಕೈಯಲ್ಲಿದೆಯೋ ಸರದಿ ಅವರದೆಂಬುದು ಕಣ್ಣಿಗೇ ಕಾಣುತ್ತದೆ, ಕಾಯಿ ನಡೆಯುವ ದಾರಿ ಎಂದೂ ಬದಲಾಗುವುದಿಲ್ಲ. ಮಾತಿಲ್ಲದೆಯೂ ತಿಳಿಯುವ ಇಂಥ ಸ್ಪಷ್ಟತೆ ಆಟಿಸಂ ಇರುವ ಅನೇಕ ಮಕ್ಕಳಿಗೆ ದೊಡ್ಡ ಆಸರೆ. ಎದುರಾಳಿಯ ಕಾಯಿ ಕಡಿದ ಮೇಲೆಯೇ ಒಳಸುತ್ತಿಗೆ ಪ್ರವೇಶವೆಂಬ ರೂಢಿಯನ್ನು ಬಿಟ್ಟು, ಮಕ್ಕಳನ್ನು ಜೋಡಿಗಳಾಗಿಸಿ, ಜೋಡಿಯ ಇಬ್ಬರ ಕಾಯಿಗಳೂ ಕಡಿಯಲಾಗದ ಕಟ್ಟೆಮನೆ ಮುಟ್ಟಿದಾಗ ಒಳದಾರಿ ತೆರೆಯುವಂತೆಯೂ, ಎಲ್ಲರ ಕಾಯಿ ನಡುಮನೆ ಸೇರಿ ಹಣ್ಣಾದಾಗಲೇ ಗೆಲುವೆಂಬಂತೆಯೂ ಮಾಡಿದರೆ, ಒಬ್ಬರಿಗೊಬ್ಬರು ನೆರವಾಗದೆ ಆಟ ಮುಂದುವರಿಯದು. ಸಹಕಾರದ ಉಪದೇಶಕ್ಕಿಂತ ಈ ಒಂದು ನಿಯಮವೇ ಹೆಚ್ಚು ಕೆಲಸ ಮಾಡೀತು. ಲಗೋರಿಯಲ್ಲೂ ಚೆಂಡಿನ ಹೊಡೆತವನ್ನು ಕೈಬಿಟ್ಟು, ಬಿಲ್ಲೆಗಳನ್ನು ಎಲ್ಲರೂ ಸೇರಿ ಜೋಡಿಸುವುದನ್ನೇ ಗುರಿಯಾಗಿಸಬಹುದು.

ಆದರೂ ಒಂದೇ ನಿಯಮ ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ. ಕವಡೆಯ ಸದ್ದೇ ಒಬ್ಬರಿಗೆ ಕಿರಿಕಿರಿಯಾದರೆ, ಸೋಲು ಇನ್ನೊಬ್ಬರಿಗೆ ತಾಳಲಾಗದ ಸಂಕಟ. ಹಾಗಾಗಿ ಬಟ್ಟೆಯ ಹಾಸು, ಮುಂದೇನು ನಡೆಯುವುದೆಂದು ತೋರಿಸುವ ಚಿತ್ರಗಳು, ನಡುವೆ ಎದ್ದು ಹೋಗಿ ಮರಳುವ ಸ್ವಾತಂತ್ರ್ಯ ಇವೆಲ್ಲ ಮೊದಲೇ ಸಿದ್ಧವಿರಬೇಕು. ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ವಿವರಿಸಿದ ಸಮಾಂತರ ಆಟ, ಅಂದರೆ ಪಕ್ಕದಲ್ಲಿ ಕುಳಿತು ತನ್ನ ಪಾಡಿಗೆ ಆಡುವುದು, ಕೂಡ ಪಾಲ್ಗೊಳ್ಳುವಿಕೆಯೇ ಆಗಿರುವುದರಿಂದ ಮಗುವನ್ನು ಗುಂಪಿನ ನಡುವೆ ಎಳೆದು ಕೂರಿಸುವ ಅವಸರ ಸಲ್ಲದು. ಯಾವ ನಿಯಮ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಆ ಮಗುವೂ ಸೇರಿ ಇಡೀ ತರಗತಿ, ಮಾತಿನಲ್ಲೋ ಚಿತ್ರ ತೋರಿಸಿಯೋ, ತೀರ್ಮಾನಿಸುವಂತೆ ಶಿಕ್ಷಕರು ಏರ್ಪಾಡು ಮಾಡಬೇಕು.