ತಲೆಕೆಳಗಾದ ಮನುಷ್ಯ: ಟ್ಯಾರೋ ಸಂಕೇತವೊಂದರ ಅರ್ಥಾಂತರ

ಟ್ಯಾರೋ ಎಲೆಗಳ ಬಗೆಗೆ ಪರಸ್ಪರ ವಿರುದ್ಧವಾದ ಎರಡು ನಿಲುವುಗಳು ಬಳಕೆಯಲ್ಲಿವೆ. ಅವು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನದ ಉಳಿಕೆಗಳು ಎಂಬುದು ಒಂದು. ಅವು ಬರಿಯ ಇಸ್ಪೀಟು ಎಲೆಗಳು, ಆದ್ದರಿಂದ ಅವುಗಳ ತಾತ್ತ್ವಿಕ ವ್ಯಾಖ್ಯಾನ ನಿರರ್ಥಕ ಎಂಬುದು ಇನ್ನೊಂದು. ಈ ಎರಡೂ ನಿಲುವುಗಳು ಸಂಕೇತದ ಅರ್ಥವನ್ನು ಅದರ ಹುಟ್ಟಿನಲ್ಲಿಯೇ ಅರಸುತ್ತವೆ. ಆದರೆ ಅರ್ಥವು ಓದಿನ ಪರಂಪರೆಯಲ್ಲಿ ರೂಪುಗೊಳ್ಳುವಂಥದು. ಇದನ್ನು ಒಂದೇ ಎಲೆಯ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಟ್ಯಾರೋ ಕಟ್ಟಿನಲ್ಲಿ ಒಟ್ಟು 78 ಎಲೆಗಳು. ಅವುಗಳಲ್ಲಿ 22 ಚಿತ್ರದೆಲೆಗಳು ಮೂಲತಃ ತುರುಪುಗಳು. 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಇದು ಆಟದ ಸಾಧನವಾಗಿತ್ತು. ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಬರೆಸಿದ ಎಲೆಗಳಲ್ಲಿ ಹಲವು ಇಂದಿಗೂ ಉಳಿದಿವೆ. ಅವುಗಳಲ್ಲೊಂದು, ಒಂಟಿಕಾಲಿಗೆ ಹಗ್ಗ ಬಿಗಿದು ತಲೆಕೆಳಗಾಗಿ ತೂಗುಹಾಕಿದ ಮನುಷ್ಯನ ಚಿತ್ರ. ಅಂದಿನ ಇಟಲಿಯ ನಗರಗಳಲ್ಲಿ ದ್ರೋಹಿಗಳನ್ನು ಹೀಗೆಯೇ ಗೋಡೆಯ ಮೇಲೆ ಚಿತ್ರಿಸಿ ಅವಮಾನಿಸುವ ಪದ್ಧತಿಯಿತ್ತು. ಹಳೆಯ ಕೆಲವು ಪಟ್ಟಿಗಳು ಈ ಎಲೆಯನ್ನು ‘ದ್ರೋಹಿ’ ಎಂದೇ ಹೆಸರಿಸುತ್ತವೆ.

1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಈ ಎಲೆಗಳನ್ನು ಈಜಿಪ್ಟಿನ ಜ್ಞಾನಗ್ರಂಥವೆಂದು ಸಾರಿದನು. ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದ್ದು 1822ರಲ್ಲಿ ಎಂಬುದನ್ನು ಗಮನಿಸಿದರೆ ಈ ವಾದಕ್ಕೆ ಲಿಪಿಯ ಆಧಾರವಿರಲಿಲ್ಲವೆಂಬುದು ಸ್ಪಷ್ಟ. ತುರುಪುಗಳಲ್ಲಿ ಧೈರ್ಯ, ನ್ಯಾಯ, ಸಂಯಮಗಳೆಂಬ ಸದ್ಗುಣಗಳಿದ್ದು ನಾಲ್ಕನೆಯದಾದ ವಿವೇಕ ಕಾಣುವುದಿಲ್ಲ. ತೂಗುವ ಮನುಷ್ಯನೇ ಆ ವಿವೇಕ. ಅಜ್ಞಾನಿಯಾದ ಎಲೆ ತಯಾರಕನು ಚಿತ್ರವನ್ನು ತಲೆಕೆಳಗು ಮಾಡಿದ್ದಾನೆ ಎಂಬುದು ಜೆಬೆಲಿನ್ನನ ವಿವರಣೆ. ಐತಿಹಾಸಿಕವಾಗಿ ಇದು ನಿಲ್ಲದು. ಆದರೆ ದಂಡನೆಯ ಚಿತ್ರದಲ್ಲಿ ಜ್ಞಾನವನ್ನು ಕಾಣುವ ಓದಿಗೆ ಇದು ದಾರಿಮಾಡಿತು.

ಸೃಷ್ಟಿಗೆ ಅಕ್ಷರಗಳೇ ಮೂಲ ಎಂಬುದು ಯಹೂದಿ ಅನುಭಾವ ಪರಂಪರೆಯಾದ ಕಬ್ಬಾಲಾದ ಒಂದು ಮುಖ್ಯ ಪರಿಕಲ್ಪನೆ. 1850ರ ದಶಕದಲ್ಲಿ ಎಲಿಫಾಸ್ ಲೆವಿಯು 22 ತುರುಪುಗಳನ್ನು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳೊಂದಿಗೆ ವ್ಯವಸ್ಥಿತವಾಗಿ ಜೋಡಿಸಿದನು. ಬಿಡಿಚಿತ್ರಗಳು ಇದರಿಂದ ಒಂದು ದರ್ಶನದ ಅಂಗಗಳಾದವು. 1909ರಲ್ಲಿ ಎ.ಇ. ವೇಟ್‌ನ ಮಾರ್ಗದರ್ಶನದಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಎಲೆಯಲ್ಲಿ ಬದಲಾವಣೆ ಪೂರ್ಣಗೊಂಡಿತು. ಅಲ್ಲಿ ನೇಣುಗಂಬ ಚಿಗುರೆಲೆಗಳಿರುವ ಮರವಾಗಿದೆ, ತಲೆಯ ಸುತ್ತ ಪ್ರಭಾವಲಯವಿದೆ, ಮುಖದಲ್ಲಿ ಯಾತನೆಯ ಬದಲು ತನ್ಮಯತೆಯಿದೆ. ವ್ಯಾಖ್ಯಾನವು ಚಿತ್ರವನ್ನೇ ತಿದ್ದಿ ಬರೆದದ್ದಕ್ಕೆ ಇದೊಂದು ಸ್ಪಷ್ಟ ನಿದರ್ಶನ.

ನವ್ಯಕಾವ್ಯದ ಹಿನ್ನೆಲೆಯಲ್ಲಿ ಎಲಿಯಟ್‌ನನ್ನು ಬೋಧಿಸುವವರಿಗೆ ಈ ಚರಿತ್ರೆ ಅಗತ್ಯ. 1922ರ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದಲ್ಲಿ ಭವಿಷ್ಯ ಹೇಳುವವಳಿಗೆ ಕಾಣದೇ ಹೋಗುವುದು ಇದೇ ಎಲೆ. ಟ್ಯಾರೋ ಕಟ್ಟಿನ ನಿಖರ ಸ್ವರೂಪ ತನಗೆ ತಿಳಿಯದೆಂದೂ, ಈ ಮನುಷ್ಯನನ್ನು ತಾನು ಫ್ರೇಜರ್ ವಿವರಿಸುವ ಬಲಿದೇವತೆಯೊಂದಿಗೆ ಸಂಬಂಧಿಸಿಕೊಂಡಿರುವುದಾಗಿಯೂ ಎಲಿಯಟ್ ತನ್ನ ಟಿಪ್ಪಣಿಯಲ್ಲಿ ಹೇಳಿದ್ದಾನೆ. ಅಂದಮೇಲೆ ಅಲ್ಲಿ ಈಜಿಪ್ಟಿನ ರಹಸ್ಯವನ್ನು ಹುಡುಕುವುದು ಜೆಬೆಲಿನ್ನನ ಕಲ್ಪನೆಯನ್ನು ಎಲಿಯಟ್‌ಗೆ ಆರೋಪಿಸಿದಂತಾಗುತ್ತದೆ. ಸಂಕೇತವೊಂದರ ಅರ್ಥವನ್ನು ಹೇಳುವಾಗ ಅದು ಯಾರ ಅರ್ಥ, ಯಾವ ಕಾಲದ್ದು ಎಂಬುದನ್ನೂ ಜೊತೆಗೆ ಹೇಳಬೇಕಾಗುತ್ತದೆ.